ಗೋಡೆಯಿಲ್ಲದ ನೀರು

“ಹೋದ ವರ್ಷದಂಗೆ ಯಾವನಾರ ಬಂದು ಹಿಡಕಂಡ್ರೆ ಈ ಸಲ ಸುಮ್ನಿರಬ್ಯಾಡ್ರಿ. ಎದಿಗೆ ಒದ್ದು ಬಿಡ್ರಿ” ಎಂದು ಅವಲಕ್ಕಿಯ ತಟ್ಟೆ ಮುಂದಿಡುತ್ತ ನಿರ್ಮಲಮ್ಮ ಹೇಳಿದ ಮಾತು, ದಾವಣಗೆರೆಯಲ್ಲಿ ರೈಲು ಹತ್ತಿ ಹರಿಹರದಲ್ಲಿ ಇಳಿದರೂ ವಾಮದೇವಪ್ಪನ ಕಿವಿಯಿಂದ ಇಳಿಯಲಿಲ್ಲ. ಗಂಡನ ಮೇಲಿನ ಅಕ್ಕರೆಯಿಂದಲೇ ಆಡಿದ ಮಾತು. ಅಕ್ಕರೆಯ ಮಾತಿಗೆ ಸಿಟ್ಟಾಗಲು ಬರುವುದಿಲ್ಲ. ನುಂಗಬೇಕು, ಇಲ್ಲ ಉಗುಳಬೇಕು. ಅವನು ಅವಲಕ್ಕಿಯ ಜೊತೆಗೇ ನುಂಗಿದ್ದ. ಹೋದ ಸಂಕ್ರಾಂತಿಯಿಂದ ಹೀಗೆ ನುಂಗುತ್ತಲೇ ಬಂದಿದ್ದಾನೆ. ನಲವತ್ತೊಂದು ವಯಸ್ಸು, ಪಿ.ಜೆ. ಬಡಾವಣೆಯಲ್ಲಿ ಮನೆ, ತಂದೆಯ ಕಾಲದ ಹತ್ತಿ ಮಂಡಿ. ಮಂಡಿಯಲ್ಲಿ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಹಮಾಲರು ಮಾತು ನಿಲ್ಲಿಸಿ ಈ ಕಡೆ ನೋಡುತ್ತಾರೆ. ಅಂಥ ಗಂಟಲಿನಲ್ಲಿ ಒಂದು ಮಾತು ವರ್ಷಪೂರ್ತಿ ಸಿಕ್ಕಿಕೊಂಡಿದೆ ಎಂದರೆ ಯಾರು ನಂಬುತ್ತಾರೆ? ಮೈ ಮಾತ್ರ ಅವನ ಮಾತು ಕೇಳುತ್ತಿತ್ತು. ಹೆಗಲು ಸಡಿಲವಾಗಿತ್ತು, ಹೊಟ್ಟೆ ಹಗುರಾಗಿತ್ತು, ರಾತ್ರಿ ನಿದ್ದೆ ಚೆನ್ನಾಗಿ ಬಂದಿತ್ತು. ಮೈ ಇಷ್ಟು ನಿರಾಳವಾಗಿರುವಾಗ ಮನಸ್ಸು ಹಿಂದೆ ಉಳಿದದ್ದು ಅವನಿಗೇ ಸೋಜಿಗ; ಎತ್ತು ಮನೆ ಸೇರಿದರೂ ಬಂಡಿ ದಾರಿಯಲ್ಲೇ ನಿಂತ ಹಾಗೆ.

ಇನ್ನೊಂದು ವಾರಕ್ಕೆ, ಸಂಕ್ರಾಂತಿ ಕಳೆದ ಮೊದಲ ಐತವಾರ, ಹರಿಹರದ ಸೇತುವೆಯಿಂದ ಗುತ್ತೂರಿನ ದಡದವರೆಗೆ ಈಜಿನ ಪಂದ್ಯ. ಹೊಳೆಯ ಬಳುಕು ಹಿಡಿದು ಹೋದರೆ ಮೂರು ಮೈಲಿ. ಪಂದ್ಯ ನಡೆಸುವ ಈಜು ಸಂಘದ ಕರಪತ್ರದಲ್ಲಿ ‘ಫ್ರೀಸ್ಟೈಲ್’ ಎಂದು ಅಚ್ಚಾಗಿತ್ತು; ಊರವರು ಕೈಬೀಸು ಈಜು ಅನ್ನುತ್ತಿದ್ದರು. ಪಂದ್ಯಕ್ಕೆ ಮೊದಲು ಪೂರಾ ದೂರ ಒಮ್ಮೆ ಈಜಿ ತೋರಿಸಬೇಕು, ಸಂಘದ ಕಾರ್ಯದರ್ಶಿ ಶಿವಯೋಗಪ್ಪ ಗುತ್ತೂರಿನಲ್ಲಿ ಗಡಿಯಾರ ಹಿಡಿದು ನಿಂತಿರುತ್ತಾನೆ ಎಂದು ಈ ವರ್ಷ ಹೊಸ ನಿಯಮ. ವಾಮದೇವಪ್ಪನ ಸರದಿ ಇವತ್ತು. ಅದೇ ಕರಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: ‘ಹಿಂದಿನ ವರ್ಷ ಜೊತೆಯ ಈಜುಗಾರರಿಗೆ ಅಪಾಯ ಮಾಡಿದವರಿಗೆ ಪ್ರವೇಶವಿಲ್ಲ.’ ಹೆಸರು ಹಾಕಿರಲಿಲ್ಲ. ಹಾಕಬೇಕಾದ ಅಗತ್ಯವೂ ಇರಲಿಲ್ಲ. ಗುತ್ತೂರಿನ ಗೋಣೆಪ್ಪನಿಗೆ ಹರಿಹರದ ಚಹದಂಗಡಿಗಳಲ್ಲಿ ಜಿಗಣೆ ಗೋಣ್ಯ ಎಂದು ಹೆಸರು ಬಿದ್ದು ವರ್ಷವಾಗುತ್ತ ಬಂದಿತ್ತು.

ಸೇತುವೆಯ ಕೆಳಗೆ ಹರಿಗೋಲು ಹೊಳೆಗಿಳಿಸಿಕೊಂಡು ಹಯಾತ್ ಸಾಬ್ ಕಾಯುತ್ತಿದ್ದ. ಅರವತ್ತು ದಾಟಿದ ಮುದುಕ, ಹೊಳೆ ದಾಟಿಸುವುದೇ ಕಸುಬು; ಈಜುವವರ ಹಿಂದೆ ಹರಿಗೋಲು ಬಿಡುವುದಕ್ಕೆ ಸಂಘದವರು ಅವನನ್ನೇ ಕರೆಯುತ್ತಾರೆ. ವಾಮದೇವಪ್ಪ ಅಂಗಿ, ಧೋತರ ಕಳಚಿ ಹರಿಗೋಲಿನಲ್ಲಿಟ್ಟು, ಕೊರಳ ಕರಡಿಗೆ ಗದ್ದಕ್ಕೆ ಬಡಿಯದ ಹಾಗೆ ಲಿಂಗವಸ್ತ್ರದಿಂದ ಎದೆಗೆ ಬಿಗಿದುಕೊಂಡ.

“ಉಂಡು ಬಂದೀರೇನು?” ಎಂದ ಸಾಬ್.

“ಅವಲಕ್ಕಿ, ಒಂದು ಬಾಳಿಹಣ್ಣು.”

“ಅಷ್ಟೇ ಸಾಕು. ಹೋದ ವರ್ಷ ಮಂಡಕ್ಕಿ ಮೆಣಸಿನಕಾಯಿ ಹೊಡಕಂಡು ಬಂದಿದ್ರಿ. ಹೊಳಿಯಾಗಿನ ಮೀನೂ ಸೀನಿದ್ವು.” ನಕ್ಕ. ಆಮೇಲೆ ಮೂರು ತಿಂಗಳಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದ. “ನೆನಪೈತಲ್ಲ ಯಜಮಾನ್ರ? ಮೊದಲ ಮೈಲಿ ಬೀಗರ ಮನಿಯಾಗ ಉಂಡಂಗೆ. ಎರಡನೇದು ನಿಮ್ಮನ್ಯಾಗ ಉಂಡಂಗೆ. ಮೂರನೇದು…”

“ಯಾರೂ ನೋಡದಿದ್ದಾಗ ಉಂಡಂಗೆ.”

“ಹಾಂ. ಇಳೀರಿ.”

ನೀರು ತಣ್ಣಗೆ ಕೊರೆಯುತ್ತಿತ್ತು. ಮೊದಲ ಹತ್ತು ಕೈ ಉಸಿರೇ ಇರುವುದಿಲ್ಲ. ಎದೆಯನ್ನು ಯಾರೋ ಹಗ್ಗದಿಂದ ಸುತ್ತಿದ ಹಾಗಿರುತ್ತದೆ. ಹೆದರಬಾರದು. ಮುಖವನ್ನು ನೀರಿನೊಳಗಿಟ್ಟು ಗಾಳಿ ಪೂರಾ ಬಿಟ್ಟರೆ ಹಗ್ಗ ತಾನಾಗಿ ಬಿಚ್ಚುತ್ತದೆ. ಬಿಚ್ಚಿತು. ಮೂರು ಕೈಗೆ ಒಂದು ಉಸಿರು. ಒಮ್ಮೆ ಎಡಕ್ಕೆ, ಎಡಕ್ಕೆ ತಿರುಗಿದರೆ ಅಗಸರ ಕಲ್ಲು, ಹಸಿರು ದಡ. ಒಮ್ಮೆ ಬಲಕ್ಕೆ, ಬಲಕ್ಕೆ ತಿರುಗಿದರೆ ಸಾಬನ ಹರಿಗೋಲಿನ ಕಪ್ಪು ಹೊಟ್ಟೆ. ಸಾಬ್ ಹುಟ್ಟಿನ ಹಿಡಿಯಿಂದ ಹರಿಗೋಲಿನ ಬಿದಿರಿನ ಅಂಚಿಗೆ ಮೆಲ್ಲಗೆ ತಟ್ಟುತ್ತಿದ್ದ. ನೀರಿನೊಳಗೆ ಆ ಸದ್ದು ದೂರದ ಮನೆಯಲ್ಲಿ ಯಾರೋ ಒನಕೆ ಹಾಕುತ್ತಿರುವಂತೆ ಕೇಳಿಸುತ್ತಿತ್ತು. ಒಂದು ತಟ್ಟಿಗೆ ಒಂದು ಕೈ. ಬೀಗರ ಮನೆಯಲ್ಲಿ ಎಷ್ಟು ಹಸಿವಿದ್ದರೂ ತುತ್ತು ಚಿಕ್ಕದು, ಅಗಿಯುವುದು ನಿಧಾನ, ಇನ್ನಷ್ಟು ಬಡಿಸಲು ಬಂದರೆ ಎಲೆಗೆ ಕೈ ಅಡ್ಡ. ಕಾಲು ಹೆಚ್ಚು ಬಡಿಯಬಾರದು. ಕಾಲು ತಿನ್ನುವ ಉಸಿರನ್ನು ಕೈಗೆ ಉಳಿಸಬೇಕು. ಇದನ್ನು ಕಲಿಯಲು ಮೂರು ತಿಂಗಳು ಹಿಡಿದಿತ್ತು. ವಾರಕ್ಕೆ ಮೂರು ದಿನ ಬೆಳಗಿನ ರೈಲು. ಒಂದು ದಿನ ಸೇತುವೆಯ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಜೋರಾಗಿ, ಹತ್ತು ಉಸಿರು ನಿಂತು, ಮತ್ತೆ ಜೋರಾಗಿ. ಒಂದು ದಿನ ನಿಲ್ಲದೆ ಉದ್ದಕ್ಕೆ, ಎಮ್ಮೆಯೂ ದಾಟಿ ಹೋಗುವಷ್ಟು ನಿಧಾನ. ಒಂದು ದಿನ ಸುಮ್ಮನೆ ಆಡಿ ಬರುವುದು. ಅತಿ ಕಷ್ಟವಾದದ್ದು ಎಮ್ಮೆಯ ದಿನವೇ. ನಿಧಾನ ಈಜುವುದೆಂದರೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು ನಗುತ್ತಾರೆ. “ಸಾವ್ಕಾರ್ರಿಗೆ ನಿದ್ದಿ ಹತ್ತೈತೆ, ಯಾರಾರ ಎಬ್ಬಸ್ರೆವ್ವಾ” ಎಂದು ಒಬ್ಬಳು ಕೂಗಿದ್ದಳು. ಆ ನಗುವಿಗೆ ಮೈ ತಾನಾಗಿ ಓಟ ಕೀಳುತ್ತಿತ್ತು. ಓಟ ಕಿತ್ತ ಕೂಡಲೇ ಸಾಬ್ ತಟ್ಟುವುದನ್ನು ನಿಲ್ಲಿಸಿಬಿಡುತ್ತಿದ್ದ. ಬಯ್ಯುತ್ತಿರಲಿಲ್ಲ. ಸದ್ದು ನಿಂತ ನೀರು ಬಯ್ದುದಕ್ಕಿಂತ ಹೆಚ್ಚು.

ಬಾವಿಯಲ್ಲಿ ಈ ಗೋಳು ಇರಲಿಲ್ಲ. ವಾಮದೇವಪ್ಪ ಈಜು ಕಲಿತದ್ದು ಊರಾಚೆಯ ಹೊಲದ ಕಪಿಲೆ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ದಾವಣಗೆರೆಯ ಕಡೆ ಎಲ್ಲರೂ ಹಾಗೇ ಕಲಿಯುವುದು. ಹೊಳೆ ಇರುವುದು ಹರಿಹರಕ್ಕೆ, ನಮಗೇನಿದ್ದರೂ ಬಾವಿ. ಈ ಗೋಡೆಯಿಂದ ಆ ಗೋಡೆಗೆ ಏಳು ಕೈ. ಏಳನೆಯದಕ್ಕೆ ಕಲ್ಲು ಸಿಗುತ್ತದೆ, ಕಾಲು ಮಡಚಿ ಕಲ್ಲಿಗೆ ಒದ್ದರೆ ಅರ್ಧ ಬಾವಿ ಪುಕ್ಕಟೆ. ಹೋದ ವರ್ಷ ಪಂದ್ಯಕ್ಕೆಂದು ಅವನು ಅದೇ ಬಾವಿಯಲ್ಲಿ ದಿನಾ ಇನ್ನೂರು ಸುತ್ತು ಹೊಡೆದ. ಕಟ್ಟೆಯ ಮೇಲೆ ಕೂತವರು ಬಾಯಿ ತೆರೆದು ನೋಡಿದರು. ಇನ್ನೂರು ಸುತ್ತು ಹೊಡೆದವನಿಗೆ ಮೂರು ಮೈಲಿ ಯಾವ ಲೆಕ್ಕ? ಅವನೂ ಹಾಗೇ ತಿಳಿದ. ಆ ಇನ್ನೂರರಲ್ಲಿ ಈಜಿದ್ದು ತಾನೆಷ್ಟು, ಗೋಡೆ ಎಷ್ಟು ಎಂದು ಯಾರೂ ಹೇಳಲಿಲ್ಲ; ಹೇಳಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ, ಅವರೆಲ್ಲರೂ ಬಾವಿಯವರೇ.

ಎರಡನೆಯ ಮೈಲಿ. ಈಗ ನಿಮ್ಮ ಮನೆಯ ಊಟ. ಬಿಸಿಲು ನೀರಿನೊಳಗೆ ಓರೆಯಾಗಿ ಇಳಿದು ಕೈಯ ಸುತ್ತ ಸಣ್ಣ ಗುಳ್ಳೆಗಳು ಮಿನುಗುತ್ತಿದ್ದವು. ಹೆಗಲು ಎಣ್ಣೆ ಹಾಕಿದ ರಾಟೆಯಂತೆ ತಿರುಗುತ್ತಿತ್ತು. ಸಾಬ್ ತಟ್ಟುವುದನ್ನು ಕೊಂಚ ಬಿರುಸು ಮಾಡಿದ. ವಾಮದೇವಪ್ಪನ ಕೈಯೂ ಬಿರುಸಾಯಿತು, ಉಸಿರು ಮಾತ್ರ ಮೊದಲಿನಂತೆಯೇ ಇತ್ತು. ಇದು ತನ್ನದು, ಇದನ್ನು ಯಾರೂ ಕೊಟ್ಟದ್ದಲ್ಲ, ಕಸಿಯಲೂ ಆಗದು ಎಂದು ಒಂದು ಸಂತೋಷ ಹೊಟ್ಟೆಯ ಹತ್ತಿರ ಬೆಚ್ಚಗೆ ಕೂತಿತ್ತು. ಅಷ್ಟರಲ್ಲಿ ಎಡಕ್ಕೆ ತಿರುಗಿ ಉಸಿರೆಳೆದಾಗ ಹೊಳೆಯ ನಡುವಿನ ಬೋಳು ಬಂಡೆ ಕಂಡಿತು. ಅಲ್ಲೇ.

ಹೋದ ವರ್ಷ ಈ ಬಂಡೆಗೆ ಬರುವಾಗ ಅವನು ಎಲ್ಲರಿಗಿಂತ ಮುಂದಿದ್ದ. ಸೇತುವೆಯ ಮೇಲಿನ ಜನರ ಕೂಗು ಕೇಳುತ್ತ ಬಿಟ್ಟ ಬಾಣದ ಹಾಗೆ ಹೊರಟಿದ್ದ. ಇಲ್ಲಿಗೆ ಬರುವಷ್ಟರಲ್ಲಿ ತೋಳು ಸೀಸವಾಗಿತ್ತು. ಏಳು ಕೈ ಹಾಕಿದ, ಗೋಡೆ ಇಲ್ಲ. ಮತ್ತೆ ಏಳು ಕೈ, ಇಲ್ಲ. ತಿಂಗಳುಗಟ್ಟಲೆ ಏಳಕ್ಕೊಮ್ಮೆ ಕಲ್ಲು ಮುಟ್ಟಿದ ಮೈ ಕಲ್ಲಿಗಾಗಿ ತಡಕಾಡಿತು. ಕಾಲು ಒದೆಯಲು ಮಡಚಿಕೊಂಡಿತು, ಒದೆಯಲು ಏನೂ ಇಲ್ಲದೆ ಸೊಂಟ ಕೆಳಕ್ಕೆ ಜಗ್ಗಿತು. ನೀರು ಬಾಯಿಗೆ ಬಂತು. ಆಗ ಎಡಗೈಗೆ ಗಟ್ಟಿಯಾದ ಏನೋ ಸಿಕ್ಕಿತು. ಮೊದಲ ಕ್ಷಣ ಅದು ಗೋಡೆ ಎಂದೇ ಅವನು ತಿಳಿದದ್ದು ನಿಜ. ದೇವರ ಮುಂದೆಯೂ ಹಾಗೇ ಹೇಳಬಲ್ಲ. ಎರಡನೆಯ ಕ್ಷಣಕ್ಕೆ ಅದು ಬೆಚ್ಚಗಿದೆ, ಅದಕ್ಕೆ ಉಸಿರಿದೆ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಬಿಡಲಿಲ್ಲ. ಭುಜದಿಂದ ಕುತ್ತಿಗೆಗೆ ಬಂದ. ಆ ಮನುಷ್ಯ ಎರಡು ಸಲ ಮುಳುಗಿದ. ಮೂರನೆಯ ಸಲ ಮೇಲೆ ಬಂದು, ಅವನ ಕೈಯನ್ನು ಕುತ್ತಿಗೆಯಿಂದ ಕಿತ್ತು ತನ್ನ ಹೆಗಲ ಮೇಲೆ ಹಾಕಿಕೊಂಡು, “ಅಲ್ಲಾಡಬ್ಯಾಡ್ರಿ, ಸುಮ್ಕೆ ಇರ್ರಿ” ಎಂದು ಎತ್ತಿಗೆ ಹೇಳಿದಂತೆ ಹೇಳಿ, ಹರಿಗೋಲು ಬರುವ ತನಕ ನೀರಿನಲ್ಲಿ ನಿಂತ. ಗೋಣೆಪ್ಪ. ಹೊಳೆ ಈಜಿ ಆಚೆ ದಡದಿಂದ ಹುಲ್ಲು ತರುವ ರೈತ. ಹಿಂದೆ ಉಳಿದು, ಬಂಡೆ ದಾಟಿದ ಮೇಲೆ ಎಲ್ಲರನ್ನೂ ಹಿಡಿಯುವ ಲೆಕ್ಕದಲ್ಲಿ ನಿಧಾನ ಬರುತ್ತಿದ್ದವನು, ಇವನು ತಡಕಾಡುವಷ್ಟರಲ್ಲಿ ಪಕ್ಕಕ್ಕೆ ಬಂದಿದ್ದ. ಸಾಬ್ ಮೊದಲು ವಾಮದೇವಪ್ಪನನ್ನು ಕಂಕುಳಲ್ಲಿ ಕೈ ಹಾಕಿ ಎಳೆದುಕೊಂಡ. ಗೋಣೆಪ್ಪ ಹರಿಗೋಲಿನ ಅಂಚಿಗೆ ಜೋತುಬಿದ್ದು ಏದುಸಿರು ಬಿಡುತ್ತಿದ್ದ. ದಡದ ಜನ ಕಂಡದ್ದು ಅದನ್ನು.

“ಅವನೇ ನಿಮ್ಮನ್ನ ಹಿಡಕಂಡ್ನಲ್ರಿ?” ಎಂದು ಶಿವಯೋಗಪ್ಪ ಕೇಳಿದ. ವಾಮದೇವಪ್ಪ ಕೆಮ್ಮಿದ. ಹೊಟ್ಟೆಯ ತುಂಬ ನೀರಿತ್ತು, ಕೆಮ್ಮು ಬರಲೇಬೇಕಿತ್ತು. ಕೆಮ್ಮುವವನ ತಲೆ ಬಾಗುತ್ತದೆ. ಬಾಗಿದ ತಲೆಯನ್ನು ಅವರು ಹೌದೆಂದು ತಿಳಿದರು. ಕೆಮ್ಮು ನಿಂತ ಮೇಲೆ ಬಾಯಿ ಖಾಲಿಯಿತ್ತು, ಆಗ ಹೇಳಬಹುದಿತ್ತು. ಯಾರೋ ಕಂಬಳಿ ಹೊದಿಸಿದರು, ಯಾರೋ ಬಿಸಿ ಹಾಲು ತಂದರು. ಹಾಲು ಕುಡಿದ. ಅವನ ಮನಸ್ಸು ಬಂಡೆಯ ಹತ್ತಿರ ಹಿಡಿದದ್ದನ್ನು ಎಂದೋ ಕ್ಷಮಿಸಿತ್ತು, ಸಾಯುವವನಿಗೆ ಧರ್ಮವಿಲ್ಲ. ಕ್ಷಮಿಸದೆ ಉಳಿದದ್ದು ಹಾಲು. ಅದರಲ್ಲಿ ಏಲಕ್ಕಿ ಹಾಕಿದ್ದರು. ಬಾಯಿಗೆ ರುಚಿ ಅನ್ನಿಸಿತ್ತು. ಆಮೇಲೆ ಕಾರ್ತಿಕದಲ್ಲಿ ಗೋಣೆಪ್ಪ ಮಂಡಿಗೆ ಹತ್ತಿಯ ಗಾಡಿ ಹೊಡೆದುಕೊಂಡು ಬಂದ. ವಾಮದೇವಪ್ಪ ತಕ್ಕಡಿಯ ಹಿಂದೆ ನಿಂತು, ಹಮಾಲನ ಕೈಯಲ್ಲಿ ಅವನಿಗೆ ಚಹ ಕಳಿಸಿದ. ಗೋಣೆಪ್ಪ ನಿಂತೇ ಕುಡಿದ, ಲೋಟ ತೊಳೆದು ಬೋರಲು ಹಾಕಿದ, “ಹೊಳಿಯಾಗ ನೀರು ಚಲೋ ಐತ್ರಿ ಈ ವರ್ಷ” ಎಂದ. ಅಷ್ಟೇ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅದರ ಮಾರನೆಯ ದಿನವೇ ವಾಮದೇವಪ್ಪ ಹಯಾತ್ ಸಾಬನನ್ನು ಹುಡುಕಿಕೊಂಡು ಹರಿಹರದ ರೈಲು ಹತ್ತಿದ್ದು. ಈಜು ಕಲಿಯಬೇಕು ಎಂದ. ಸಾಬ್ ಅವನ ಮುಖ ನೋಡಿ, ಬೇರೇನೂ ಕೇಳದೆ, ಇಳೀರಿ ಎಂದಿದ್ದ.

ತಟ್ಟುವ ಸದ್ದು ನಿಂತಿತು. ಎಷ್ಟು ಹೊತ್ತಾಗಿತ್ತೋ, ಅವನು ಕಾಲು ಬಡಿಯುತ್ತಿದ್ದ, ಬಂಡೆಯಿಂದ ಓಡುತ್ತಿದ್ದ. ಉಸಿರು ಎರಡು ಕೈಗೆ ಇಳಿದಿತ್ತು. ಅವನು ಮುಖವನ್ನು ನೀರಿಗೆ ಹಾಕಿ ಒಳಗಿನ ಗಾಳಿಯನ್ನೆಲ್ಲ ಬಿಟ್ಟ. ಒಂದು ಕೈ, ಎರಡು, ಮೂರು. ಮತ್ತೆ ಸದ್ದು ಶುರುವಾಯಿತು. ಅವನು ಬಲಕ್ಕೆ ತಿರುಗಿ ಉಸಿರೆಳೆಯುವಾಗ “ಸಾಬ್ರೆ” ಎಂದ. ಎಡಕ್ಕೊಮ್ಮೆ ತಿರುಗಿ, ಮತ್ತೆ ಬಲಕ್ಕೆ ಬಂದಾಗ “ಅವತ್ತು ನೋಡಿದ್ರಿ” ಎಂದ.

“ನೋಡಿದ್ನಿ.”

ಆರು ಕೈ. “ಯಾಕ ಹೇಳ್ಲಿಲ್ಲ?”

ಸಾಬ್ ತಟ್ಟುವುದನ್ನು ನಿಲ್ಲಿಸಲಿಲ್ಲ. “ನನ್ನ ಯಾರೂ ಕೇಳ್ಲಿಲ್ರೀ. ನಿಮ್ಮನ್ನ ಕೇಳಿದ್ರು.”

ನೀರು ಕಿವಿಯ ಮೇಲೆ ಮುಚ್ಚಿಕೊಂಡಿತು. ಮಾತು ನೆಟ್ಟಗೆ ಒಳಗಿಳಿದು ಹೊಳೆಯ ತಳದ ಮರಳಿನ ಮೇಲೆ ಕೂತ ಹಾಗಾಯಿತು. ಅದರ ಮೇಲೆಯೇ ಅವನು ಈಜಿಕೊಂಡು ಹೋದ. ವಿಚಿತ್ರವೆಂದರೆ ನೋವಾಗಲಿಲ್ಲ. ಇಷ್ಟು ದಿನ ಹೇಳುವುದೆಂದರೆ ಒಂದೇ ಏಟಿಗೆ ಹೇಳಿ ಮುಗಿಸುವುದು ಎಂದುಕೊಂಡಿದ್ದ. ಕಟ್ಟೆಯಿಂದ ಬಾವಿಗೆ ದುಮುಕಿದ ಹಾಗೆ, ಕಣ್ಣು ಮುಚ್ಚಿ, ಧಡ್ಡೆಂದು. ಅದಕ್ಕೆ ಬೇಕಾದ ಧೈರ್ಯ ಒಂದು ದಿನವೂ ಕೂಡಿ ಬಂದಿರಲಿಲ್ಲ. ಅದು ದುಮುಕುವುದಲ್ಲವೇನೋ. ಮೂರನೆಯ ಮೈಲಿ ಶುರುವಾಗಿತ್ತು. ಯಾರೂ ನೋಡದಿದ್ದಾಗ ಉಂಡ ಹಾಗೆ. ಅವನು ಕಾಲುಗಳನ್ನು ಕೆಲಸಕ್ಕೆ ಕರೆದ. ಇಷ್ಟು ಹೊತ್ತು ಉಳಿಸಿದ್ದ ಕಾಲು ಹೊಸದಾಗಿ ಮೇವು ತಿಂದ ಎತ್ತಿನಂತೆ ಬಂದವು. ನೀರು ಬಿಟ್ಟುಕೊಟ್ಟಿತು. ಗುತ್ತೂರಿನ ದಡದ ಮರಗಳು ಒಂದೊಂದಾಗಿ ದೊಡ್ಡವಾದವು, ಸಾಬ್ ಹಿಂದೆ ಎಲ್ಲೋ ನಗುತ್ತ “ಹೋಗ್ರಿ ಹೋಗ್ರಿ, ನನ್ನ ಹುಟ್ಟು ಮುರೀತದೆ ಮಾರಾಯ್ರ” ಎಂದು ಕೂಗುತ್ತಿದ್ದ. ಮೊಣಕಾಲಿಗೆ ಮರಳು ತಾಗಿದಾಗ ಅವನಿಗೆ ಇನ್ನೂ ಅರ್ಧ ಮೈಲಿ ಬೇಕಿತ್ತು ಅನ್ನಿಸಿತು.

“ಒಂದು ತಾಸು ಹದಿನೆಂಟು ನಿಮಿಷ!” ಶಿವಯೋಗಪ್ಪ ಗಡಿಯಾರ ಎತ್ತಿ ಹಿಡಿದಿದ್ದ. ಅವನ ಹಿಂದೆ ಊರಿನ ಏಳೆಂಟು ಜನ. ತುಸು ಆಚೆ, ಮೊಣಕಾಲು ನೀರಿನಲ್ಲಿ, ಗೋಣೆಪ್ಪ ಎತ್ತಿನ ಬೆನ್ನನ್ನು ಹುಲ್ಲಿನ ಸಿಂಬಿಯಿಂದ ತಿಕ್ಕುತ್ತಿದ್ದ. ಈ ಕಡೆ ತಿರುಗಲಿಲ್ಲ. “ಈ ವರ್ಷ ಬಹುಮಾನದ ಕಪ್ಪು ದಾವಣಗೆರಿಗೇ ಬಿಡ್ರಿ. ಅಡ್ಡ ಬರೋರೂ ಯಾರೂ ಇಲ್ಲ” ಎಂದ ಶಿವಯೋಗಪ್ಪ, ಆ ಕಡೆ ಕಣ್ಣು ಹಾಯಿಸಿ. ಒಬ್ಬಿಬ್ಬರು ನಕ್ಕರು.

ವಾಮದೇವಪ್ಪ ನೀರಿನಲ್ಲೇ ನಿಂತು ಉಸಿರು ಪೂರಾ ಬಿಟ್ಟ. “ಶಿವಯೋಗಪ್ಪನವರೇ, ಹೋದ ವರ್ಷ ಹಿಡಕಂಡಾತ ಅವನಲ್ಲ. ನಾನು.”

ಶಿವಯೋಗಪ್ಪ ನಕ್ಕುಬಿಟ್ಟ. “ಆಹಾ. ನಮಗ ಗೊತ್ತಿಲ್ಲೇನ್ರಿ ನಿಮ್ಮ ಗುಣ? ಬಡವ ಬದುಕ್ಲಿ ಅಂತ ಮೈಮ್ಯಾಲೆ ಹಾಕ್ಕಂತೀರಿ.”

“ದೊಡ್ಡ ಮನಿ ಅಂದ್ರೆ ಸುಮ್ನೇನಾ” ಎಂದರು ಹಿಂದಿನಿಂದ ಯಾರೋ.

ಇದನ್ನು ಅವನು ಎಣಿಸಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಅದೂ ಅವನ ಹಿರಿಮೆಗೇ ಜಮೆಯಾಗುತ್ತದೆ. ಮತ್ತೊಂದು ಲೋಟ ಹಾಲು ತಂದು ಕೈಗಿಟ್ಟ ಹಾಗೆ. ಕೂಗಿಬಿಡಬೇಕು ಅನ್ನಿಸಿತು, ಕೂಗಿದರೆ ಒಂದೇ ಕೂಗಿಗೆ ಉಸಿರು ಮುಗಿಯುತ್ತದೆ, ಆಮೇಲೆ ಸುಮ್ಮನಾಗಬೇಕಾಗುತ್ತದೆ, ಅವರೂ ಅದನ್ನೇ ಕಾಯುತ್ತಿದ್ದಾರೆ. ಅವನು ಕೂಗಲಿಲ್ಲ. ಮೊದಲಿನ ದನಿಯಲ್ಲೇ, ಮೊದಲಿನಷ್ಟೇ ನಿಧಾನವಾಗಿ ಮತ್ತೆ ಶುರುಮಾಡಿದ.

“ಕೇಳ್ರಿ. ಬೋಳು ಬಂಡೆ ಹತ್ರ ನನ್ನ ಕೈ ಸೋತ್ವು. ಎಡಗೈಲೆ ಅವನ ಭುಜ ಹಿಡಕಂಡೆ. ಆಮ್ಯಾಲೆ ಕುತ್ತಿಗಿ. ಎರಡು ಸಲ ಅವನ್ನ ಮುಳುಗಿಸಿದೆ. ಅವ ನನ್ನನ್ನ ತನ್ನ ಹೆಗಲ ಮ್ಯಾಲೆ ಹಾಕ್ಕಂಡು ನಿಂತ. ನೀವು ಕೇಳಿದಾಗ ನಾನು ಕೆಮ್ಮಿದೆ. ಕೆಮ್ಮು ನಿಂತ ಮ್ಯಾಲೆ ಹೇಳಬೇಕಾಗಿತ್ತು, ಹೇಳ್ಲಿಲ್ಲ. ನಂಬಿಕಿ ಇಲ್ದಿದ್ರೆ ಸಾಬ್ರು ಬರ್ತಾರ, ಕೇಳ್ರಿ.”

ಹರಿಗೋಲು ಆಗಷ್ಟೇ ದಡಕ್ಕೆ ಬಡಿದಿತ್ತು. ಎಲ್ಲರೂ ಆ ಕಡೆ ನೋಡಿದರು. ಹಯಾತ್ ಸಾಬ್ ಹುಟ್ಟನ್ನು ಒಳಗಿಟ್ಟು, “ಹೌದ್ರಿ” ಎಂದ.

ಶಿವಯೋಗಪ್ಪನ ಮುಖದಲ್ಲಿ ನಗು ಇಳಿಯಲು ಜಾಗ ಕಾಣದೆ ತುಸು ಹೊತ್ತು ನಿಂತಿತ್ತು, ಆಮೇಲೆ ಹೋಯಿತು. “ಅಲ್ರಿ, ಕರಪತ್ರ ಅಚ್ಚಾಗೈತೆ. ಸಂಘದ ಸಭೆ ಕೂಡಬೇಕು…”

“ಕೂಡ್ರಿ. ನಾಳಿ ಕೂಡಿದ್ರೆ ನಾಳಿ ಬಂದು ಹೇಳ್ತೀನಿ, ನಾಡಿದ್ದು ಕೂಡಿದ್ರೆ ನಾಡಿದ್ದು. ಅಲ್ಲೀತನಕ ಮಂಡಿಗೆ ಬಂದೋರಿಗೆ ಹೇಳ್ತೀನಿ, ರೈಲಾಗ ಸಿಕ್ಕೋರಿಗೆ ಹೇಳ್ತೀನಿ, ನಿಮ್ಮ ಚಾದಂಗಡಿಯಾಗ ಕುಂತು ಹೇಳ್ತೀನಿ. ನನಗೇನೂ ಅವಸರ ಇಲ್ಲ. ಈಗ ಅವನ ಹೆಸರು ಬರಕಳ್ರಿ. ನನ್ನ ಹೆಸರು ಇಡಬೇಕೋ ಹೊಡೀಬೇಕೋ ಸಭೆಯಾಗ ನೋಡಕಳ್ರಿ.”

ಶಿವಯೋಗಪ್ಪ ಜೇಬಿನಿಂದ ಪೆನ್ಸಿಲ್ ತೆಗೆದ. ಬರೆದ. ಬರೆಯುವಾಗ ಹಿಂದೆ ಯಾರೂ ನಗಲಿಲ್ಲ.

ಗೋಣೆಪ್ಪ ಎತ್ತಿನ ಹಗ್ಗ ಹಿಡಿದುಕೊಂಡು ಹತ್ತಿರ ಬಂದ. ವಾಮದೇವಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಸಂತೆಯಲ್ಲಿ ದನ ನೋಡುವ ಹಾಗೆ, ಪುರುಸೊತ್ತಿನಿಂದ.

“ಒಂದು ವರ್ಷ ಬೇಕಾತೇನ್ರಿ ಸಾವ್ಕಾರ್ರ ಇದಕ್ಕ?”

“ಬೇಕಾತು.”

“ನಮ್ಮಾಕಿ ನೀರಿಗೆ ಹೋದ್ರೆ ಜಿಗಣಿ ಹೇಂತಿ ಬಂದ್ಲು ಅಂತಿದ್ರು. ಆಕಿ ಹರಿಹರದ ಸಂತಿಗೆ ಹೋಗದೇ ಬಿಟ್ಲು.”

ವಾಮದೇವಪ್ಪ ತಲೆ ಬಾಗಿಸಲಿಲ್ಲ. ಬಾಗಿಸಿದರೆ ಅದನ್ನೂ ಜನ ಏನೋ ಒಂದು ಎಂದು ತಿಳಿಯುತ್ತಾರೆ. ಗೋಣೆಪ್ಪನ ಕಣ್ಣನ್ನೇ ನೋಡುತ್ತ ನಿಂತ. ಎತ್ತು ಬಾಲ ಬೀಸಿತು, ಇಬ್ಬರ ಮುಖಕ್ಕೂ ನೀರು ಸಿಡಿಯಿತು.

“ಬರೋ ಐತವಾರ ನಾನೂ ಇಳೀತೀನಿ” ಎಂದ ಗೋಣೆಪ್ಪ. “ಈ ಸಲ ಹಿಂದೆ ಹೊಳ್ಳಿ ನೋಡಂಗಿಲ್ಲ. ಈಗಲೇ ಹೇಳಿರ್ತೀನಿ.”

“ನೋಡಬ್ಯಾಡ.”

“ನೀವು ಮುಳುಗಿದ್ರೂ ನೋಡಂಗಿಲ್ಲ.”

“ಮುಳುಗಂಗಿಲ್ಲ” ಎಂದ ವಾಮದೇವಪ್ಪ.